ಇನ್ನು ಚಾಲು

ಫೆಬ್ರುವರಿ ೩, ಸೋಮವಾರ

ಇವತ್ತಿನಿಂದ ದಿನಚರಿ. ಕಾರಣ ಘನವಾದದ್ದೇನಲ್ಲ. ಪ್ರೆಸ್ಸಿನ ಜಗನ್ ಹೊಸವರ್ಷಕ್ಕೆ ಕೊಟ್ಟ ಡೈರಿ ಮೇಜಿನ ಮೇಲೆ ಬಾಯಿ ಮುಚ್ಚಿಕೊಂಡು ಕೂತಿತ್ತು, ಅದರ ಸಂಕಟ ನೋಡಲಾಗಲಿಲ್ಲ. ಜೊತೆಗೆ, ಕಚೇರಿಯಲ್ಲಿ ಹೇಳಲಾಗದ್ದನ್ನೆಲ್ಲ ಮನೆಯಲ್ಲಿ ಕೇಳಿ ಕೇಳಿ ರಂಜನಿಗೆ ಕಿವಿ ನೋವು ಬಂದಿದೆಯಂತೆ. "ರೀ, ಎಲ್ಲಾದ್ರೂ ಬರ್ಕೊಳ್ಳಿ" ಅಂದಳು. ಬರೆದುಕೊಳ್ಳುತ್ತಿದ್ದೇನೆ.

ಸಂಗತಿ ಇದು: ನಂದಿಸೀಮೆ ಕಲಾನಿಧಿಗೆ ಇಪ್ಪತ್ತೈದು ತುಂಬುತ್ತಿದೆ. ಮಾರ್ಚ್ ಹದಿನಾರಕ್ಕೆ ಬೆಳ್ಳಿಹಬ್ಬ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಕಡೆ ಆಡುವವರಿಗೆ, ಹಾಡುವವರಿಗೆ, ಬಾರಿಸುವವರಿಗೆ ನೆರವು ಕೊಡುವ ಸಂಸ್ಥೆ ಅದು. ಅದರ ಕಾರ್ಯದರ್ಶಿ, ಶ್ರೀ ವಾದಿರಾಜ, ಬಿ.ಎ., ಅಂದರೆ ನಾನು. ಬೆಳಿಗ್ಗೆ ಬೀಗ ತೆಗೆಯುವವನೂ ಸಂಜೆ ಬೀಗ ಹಾಕುವವನೂ ನಾನೇ. ನಡುವೆ ಅರ್ಜಿಗಳಿಗೆ ಮುದ್ರೆ ಒತ್ತುತ್ತೇನೆ. ಕಚೇರಿ ಇರುವುದು ಹೂವಿನಂಗಡಿಯ ಮೇಲಿನ ಮಹಡಿಯಲ್ಲಿ. ಬೆಳಿಗ್ಗೆ ಸೇವಂತಿಗೆಯ ವಾಸನೆ, ಸಂಜೆ ಕೊಳೆತ ಸೇವಂತಿಗೆಯ ವಾಸನೆ.

ಕುರ್ಚಿಯ ಮೇಲೆ ಕೂತಿದೆ ಆಳು,
ಆಳಿನ ಮುಂದೆ ಕೂತಿದೆ ಫೈಲು,
ಫೈಲಿನ ಮೇಲೆ ಕೂತಿದೆ ಧೂಳು.

ನನ್ನ ಆತ್ಮಕಥೆ ಮುಗಿಯಿತು. ನಡುವಿನ ಪ್ರಾಸ ಸ್ವಲ್ಪ ಕುಂಟುತ್ತದೆ, ನಲವತ್ತಾರಾಯಿತಲ್ಲ, ಮೊಣಕಾಲೂ ಕುಂಟುತ್ತದೆ.

ಬೆಳ್ಳಿಹಬ್ಬ ಮುಗಿದದ್ದೇ ಈ ಕೆಲಸ ಬಿಡುತ್ತೇನೆ. ರಂಜನಿಯ ಅಣ್ಣ ಮೋಹನ್‌ಬಾಬು ದೇವನಹಳ್ಳಿ ಹತ್ತಿರ ಛತ್ರ ಕಟ್ಟಿಸಿದ್ದಾನೆ, ನೋಡಿಕೊಳ್ಳಲು ಮ್ಯಾನೇಜರ್ ಬೇಕಂತೆ. ಛತ್ರಕ್ಕೆ ಬಂದವರು ಊಟ ಮಾಡುತ್ತಾರೆ, ಹೋಗುತ್ತಾರೆ. ಅರ್ಜಿ ಹಾಕುವುದಿಲ್ಲ.

ಫೆಬ್ರುವರಿ ೬, ಗುರುವಾರ

ಅಧ್ಯಕ್ಷರು ಬಂದಿದ್ದರು. ಡಾಕ್ಟರ್ ಶ್ರೀಕರ್, ಹಲ್ಲಿನ ಡಾಕ್ಟರು. ಎದುರಿಗಿರುವವರ ಬಾಯಿ ತೆಗೆಸಿ ತಾವೊಬ್ಬರೇ ಮಾತಾಡುವುದು ಅವರ ವೃತ್ತಿ. ನಮ್ಮ ಸಭೆಗಳಲ್ಲೂ ಅದೇ ಪದ್ಧತಿ. ಸಂಸ್ಥೆ ಕಟ್ಟಿದ್ದು ಅವರ ತಂದೆ, ಶಿಡ್ಲಘಟ್ಟದ ಪುಟ್ಟಸ್ವಾಮಯ್ಯ ಮೇಷ್ಟ್ರು. ಎಂಬತ್ತಾದ ಮೇಲೆ ಮೇಷ್ಟ್ರು ಕುರ್ಚಿ ಬಿಟ್ಟರು, ಮಗ ಕೂತರು.

ಮೇಷ್ಟ್ರದು ಒಂದೇ ಕಟ್ಟಳೆ: ಕೂತು ನೋಡಿ, ನೋಡಿ ಕೊಡಿ. ಯಾರಿಗೆ ಕೊಡುವುದಿದ್ದರೂ ಅವರ ಊರಿಗೇ ಹೋಗಿ, ಚಾಪೆಯ ಮೇಲೆ ಕೂತು, ಅವರ ಆಟ ನೋಡಿ, ಅವರ ಮನೆಯಲ್ಲಿ ಉಂಡು ಬರಬೇಕು. ಆ ಕೆಲಸ ವೆಂಕಟರವಣಪ್ಪನವರದಾಗಿತ್ತು. ಅವರು ಹೋದ ವರ್ಷ ಮೊಪೆಡ್ ಮಾರಿ ಮಗಳ ಮನೆ ಸೇರಿದರು. ಆಮೇಲೆ ಯಾರೂ ಎಲ್ಲಿಗೂ ಹೋಗಿಲ್ಲ. ನಾನಂತೂ ಇಷ್ಟು ವರ್ಷದಲ್ಲಿ ಮಹಡಿ ಇಳಿದಿರುವುದು ಕಾಫಿಗೆ ಮಾತ್ರ.

"ವಾದಿರಾಜ್, ಊರೂರು ಸುತ್ತಿ ಕೊಡೋದು ನಿಲ್ಸಣ," ಅಂದರು ಡಾಕ್ಟ್ರು. "ವರ್ಷಕ್ಕೊಂದೇ ದೊಡ್ಡ ಫೆಸ್ಟಿವಲ್. ನಂದಿ ರೋಡಲ್ಲಿ ರೆಸಾರ್ಟ್ ಮಾತಾಡಿದೀನಿ. ಹಬ್ಬದ ದಿನ ಸ್ಟೇಜ್ ಮೇಲೇ ಅನೌನ್ಸ್ ಮಾಡ್ತೀನಿ."

"ಹಳ್ಳಿ ಮೇಳಗಳು ಸಾರ್?"

"ಇಪ್ಪತ್ತೈದು ವರ್ಷ ಕೊಟ್ವಲ್ಲ. ಒಬ್ಬನಾದ್ರೂ ಈ ಮೆಟ್ಟಿಲು ಹತ್ತಿ ಚೆನ್ನಾಗಿದೀರಾ ಅಂತ ಕೇಳಿದಾನಾ? ನಾವು ಯಾರು ಅಂತಾನೇ ಅವರಿಗೆ ಗೊತ್ತಿಲ್ಲ ಕಣ್ರೀ."

ನಿಜ ಅನ್ನಿಸಿತು. ನನಗೂ ಅವರು ಯಾರು ಅಂತ ಗೊತ್ತಿಲ್ಲ.

ಮೇಷ್ಟ್ರು ಮಾತ್ರ ಷರತ್ತು ಹಾಕಿದ್ದಾರಂತೆ: ನಿಲ್ಲಿಸುವ ಮುಂಚೆ ಯಾರಾದರೂ ಒಂದು ಊರಿಗೆ ಹೋಗಿ ಕೂತು ನೋಡಿಕೊಂಡು ಬರಬೇಕು. ಆ ಯಾರಾದರೂ ನಾನು. ಜೊತೆಗೆ ಬ್ಯಾನರಿಗೆ ಹೊಸ ಧ್ಯೇಯವಾಕ್ಯ ಬರೆಯಬೇಕು. "ಹಳೇದು ಮೇಷ್ಟ್ರ ಪಾಠದ ಥರ ಇದೆ. ಹೊಸದರಲ್ಲಿ ಗಾಡಿ ಓಡ್ತಿರೋ ಫೀಲ್ ಬರ್ಬೇಕು. ಪ್ರಾಸ ಹಾಕಿ, ನಿಮಗೆ ಚಟ ಇದೆಯಲ್ಲ."

ಚಟ ಅಂದರು. ಸಿಗರೇಟಿನ ಸಾಲಿಗೆ ಸೇರಿಸಿದರು.

ಫೆಬ್ರುವರಿ ೧೧, ಮಂಗಳವಾರ

ಸಿಕ್ಕಿತು!

ಐದು ದಿನದಿಂದ ಪ್ರಸವ ವೇದನೆ. 'ಕಲೆಗೆ ಬಲ, ಹಳ್ಳಿಗೆ ಫಲ' ನೀರಾವರಿ ಇಲಾಖೆಯ ಹಾಗಿತ್ತು. 'ಕಲೆಯ ಬಳ್ಳಿ, ನಮ್ಮ ಬೆಳ್ಳಿ' ಒಡವೆ ಅಂಗಡಿ. ಇವತ್ತು ಬೇಕರಿಯಲ್ಲಿ ಎರಡನೇ ಪಫ್ಸ್ ತಿನ್ನುವಾಗ, ಪಕ್ಕದಲ್ಲಿ ಒಬ್ಬ ಸ್ಕೂಟರ್ ಒದ್ದು ಒದ್ದು ಕೊನೆಗೆ "ಚಾಲೂ ಆಯ್ತು ನೋಡು" ಅಂದ. ಅಷ್ಟೇ.

ಕಲೆಗೂ ಪಾಲು, ನೆಲೆಗೂ ಪಾಲು,
ಇಪ್ಪತ್ತೈದಾಯ್ತು, ಇನ್ನು ಚಾಲು!

ಪಾಲು, ಪಾಲು, ಚಾಲು. ಸ್ಕೂಟರಿನವನಿಗೆ ಒಂದು ಟೀ ಕುಡಿಸಿದೆ. ಯಾಕೆ ಅಂತ ಅವನಿಗೆ ತಿಳಿಯಲಿಲ್ಲ.

ರಂಜನಿಗೆ ಓದಿದೆ. ಹಿಟ್ಟು ಕಲಸುತ್ತಿದ್ದವಳು ನಕ್ಕಳು ನೋಡಿ, ಗೋಡೆ ಹಿಡಿದುಕೊಂಡು ನಕ್ಕಳು.

"ರೀ, ನಿಜವಾಗ್ಲೂ ಇದನ್ನೇ ಹಾಕ್ತೀರಾ?"

"ಹೂಂ ಕಣೇ."

"ಬಸ್ ಸ್ಟ್ಯಾಂಡಲ್ಲೂ?"

"ನಾಲ್ಕೂ ಊರಲ್ಲಿ."

"ಬಿಡೋರು ಹೆಂಗೂ ಬಿಡ್ತೀರ. ಧೈರ್ಯ ಇದೆ ಬಿಡಿ ನಿಮಗೆ."

ಮದುವೆಯಾದಾಗಿನಿಂದ ನನ್ನ ಪ್ರಾಸಕ್ಕೆ ಅವಳು ಇಷ್ಟು ನಕ್ಕಿರಲಿಲ್ಲ. ಅವಳ ತವರು ಚಿಂತಾಮಣಿ. ಆ ಮನೆಯಲ್ಲಿ ಬೈಯುವುದು ಕನ್ನಡದಲ್ಲಿ, ಮುದ್ದು ಮಾಡುವುದು ತೆಲುಗಿನಲ್ಲಿ. ಹಾಗಾಗಿ ನನಗೆ ತೆಲುಗು ಅಷ್ಟಾಗಿ ಬರುವುದಿಲ್ಲ.

ಫೆಬ್ರುವರಿ ೧೨, ಬುಧವಾರ

ಡಾಕ್ಟ್ರು: "ಸೂಪರ್. ಕ್ಯಾಚಿ ಆಗಿದೆ."

ಪ್ರೆಸ್ಸಿನ ಜಗನ್: "ಸಾರ್, ಇದೇನಾ? ಪಕ್ಕಾನಾ?" ಪಕ್ಕಾ ಅಂದೆ. "ನೀವು ಹೇಳಿದ್ಮೇಲೆ ನಂಗೇನು ಸಾರ್" ಅಂದ. ಕವಿತೆಯ ಮುಂದೆ ಜನ ಎಷ್ಟು ವಿನೀತರಾಗುತ್ತಾರೆ!

ಫೆಬ್ರುವರಿ ೧೮, ಮಂಗಳವಾರ

ಬ್ಯಾನರ್‌ಗಳು ಹತ್ತಿದವು. ಚಿಂತಾಮಣಿ ಬಸ್ ನಿಲ್ದಾಣದ್ದನ್ನು ಕಣ್ಣಾರೆ ನೋಡಿ ಬಂದೆ. ಹಳದಿ ಅಕ್ಷರ, ಆನೆಯ ಗಾತ್ರ. ಒಬ್ಬ ಅಜ್ಜ ನಿಂತು ಓದಿ "ಅಯ್ಯೋ ಪಾಪ" ಅಂದ. ಕಟ್ಟುತ್ತಿದ್ದವನು ಏಣಿಯಿಂದ ಜಾರಿದ್ದಕ್ಕೆ ಇರಬೇಕು.

ಮೇಷ್ಟ್ರ ಷರತ್ತಿಗೆ ಕೆಂಚಾರ್ಲಹಳ್ಳಿಯ ಕೇಳಿಕೆ ಮೇಳವನ್ನು ಆರಿಸಿದೆ. ಕೇಳಿಕೆ ಅಂದರೆ ಈ ಕಡೆಯ ಬಯಲಾಟ: ಅರ್ಧ ಕನ್ನಡ, ಅರ್ಧ ತೆಲುಗು, ಪೂರಾ ಗದ್ದಲ. ಮೇಳದ ಯಜಮಾನ ಆವಲಪ್ಪನಿಗೆ ಫೋನ್ ಮಾಡಿ ಯಾವಾಗ ಬರಲಿ ಅಂತ ಕೇಳಿದೆ.

"ಹುಳಕ್ಕೆ ಜ್ವರ ಬರ್ಲಿ ಸಾರ್, ಬಂದ ತಕ್ಷಣ ಹೇಳ್ತೀನಿ."

ಹುಳಕ್ಕೆ ಜ್ವರ. ಬೇಡ ಅನ್ನಲು ಜನ ಏನೇನು ನೆಪ ಹುಡುಕುತ್ತಾರೆ.

ಫೆಬ್ರುವರಿ ೨೨, ಶನಿವಾರ

ನಿನ್ನೆ ಸಂಜೆ ಆವಲಪ್ಪನೇ ಫೋನ್ ಮಾಡಿದ. "ಜ್ವರ ಬಂತು ಸಾರ್, ಬನ್ನಿ!" ಇಷ್ಟು ಸಂತೋಷದಿಂದ ಜ್ವರದ ಸುದ್ದಿ ಹೇಳಿದವರನ್ನು ನಾನು ಕಂಡಿಲ್ಲ.

ಹೋದ ಮೇಲೆ ಅರ್ಥವಾಯಿತು. ರೇಷ್ಮೆ ಹುಳು ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ ತಲೆಯೆತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೇ ಜ್ವರ ಅನ್ನುತ್ತಾರೆ. ಬೇರೆ ದಿನ ಹೊತ್ತುಹೊತ್ತಿಗೆ ಸೊಪ್ಪು ಕುಯ್ಯಬೇಕು, ಹಾಕಬೇಕು, ಕೂತು ಉಸಿರಾಡಲು ಪುರಸೊತ್ತಿಲ್ಲ. ಹುಳು ಜ್ವರಕ್ಕೆ ಕೂತರೆ ಊರು ಆಟಕ್ಕೆ ಏಳುತ್ತದೆ. ತಾಲೀಮಿನ ವೇಳಾಪಟ್ಟಿ ಹುಳುವಿನ ಕೈಯಲ್ಲಿ.

ಹುಳದ ಮನೆಯ ಪಕ್ಕದ ಜಗಲಿಯಲ್ಲಿ ಚಾಪೆ ಹಾಸಿದ್ದರು. ಕೂತೆ. ಮೊಣಕಾಲು ಪ್ರತಿಭಟಿಸಿತು. ಮದ್ದಳೆ, ತಾಳ, ನಾಲ್ಕಾರು ಗಂಡಸರು, ಹಾಡುವವರ ಸಾಲಿನಲ್ಲಿ ಆವಲಪ್ಪನ ಹೆಂಡತಿ ಅಕ್ಕಯ್ಯಮ್ಮ. ಸಾರಥಿಯ ಪಾತ್ರದವನು ರೇಷ್ಮೆ ಗೂಡು ಮಾರಲು ಶಿಡ್ಲಘಟ್ಟಕ್ಕೆ ಹೋಗಿದ್ದನಂತೆ. ಸಾರಥಿಯ ಕೆಲಸ, ರಂಗಕ್ಕೆ ಬಂದ ರಾಜನನ್ನು 'ನೀವು ಯಾರು' ಅಂತ ಕೇಳುವುದು. ಆವಲಪ್ಪ ನನ್ನ ಕಡೆ ನೋಡಿದ.

"ಸಾರ್ ಕೇಳ್ತಾರೆ ಬಿಡ್ರೋ. ಆಪೀಸ್ನೋರು, ಯಾರು ನೀವು ಅಂತ ಕೇಳೋದು ರೂಢಿ ಇರ್ತದೆ."

ಎಲ್ಲರೂ ನಕ್ಕರು. ಎದ್ದು ನಿಂತು, ಯಾರು ನೀವು ಅಂದೆ.

"ಅಂಗಲ್ಲ ಸಾರ್. ಅರ್ಜಿ ಈಸ್ಕೊಳ್ಳೋ ಥರ ಕೇಳಿದ್ರೆ ರಾಜ ಹೆದ್ರಿ ಓಡೋಗ್ತಾನೆ. ಹೊಟ್ಟೆಯಿಂದ ಬರ್ಬೇಕು. ಭಲಾ! ಬಂದಂಥವರು ತಾವು ಧಾರು?"

ಯಾರು ಅಲ್ಲ, ಧಾರು. ನಾಲ್ಕನೇ ಸಲಕ್ಕೆ ಹೊಟ್ಟೆಯಿಂದ ಬಂತು. ಹುಳದ ಮನೆಯ ಬೆಕ್ಕು ಓಡಿಹೋಯಿತು. ಟವೆಲನ್ನೇ ಕಿರೀಟ ಸುತ್ತಿಕೊಂಡಿದ್ದ ಆವಲಪ್ಪ ಒಂದು ಸುತ್ತು ಹಾಕಿ ಶುರು ಮಾಡಿದ:

"ಭಲಾ ಸಾರಥಿ! ಮುನ್ನೂರು ಮಂಡಲೇಶರು ಮುಂದೆ ಬಾಗುವಂಥ, ಮುತ್ತಿನ ಮಕುಟ ಮೇಲೆ ತೂಗುವಂಥ, ಮೂರು ಲೋಕದ ಮಾತು ನಮ್ಮಲ್ಲೇ ಮಾಗುವಂಥ..."

ಬಾಗುವಂಥ, ತೂಗುವಂಥ, ಮಾಗುವಂಥ! ಸಾಲಿನ ಮೊದಲಲ್ಲಿ ಮು, ಮು, ಮೂ! ಒಂದೇ ಉಸಿರಿನಲ್ಲಿ! ನಾನು ಪಾಲಿಗೆ ಚಾಲು ಹೊಂದಿಸಲು ಎರಡು ಪಫ್ಸ್ ತಿಂದವನು. ಇನ್ನೊಂದು ಸಲ ಹೇಳಿ ಅಂದೆ. ಹೇಳಿದ. ಮತ್ತೊಂದು ಸಲ ಅಂದೆ. ಮಧ್ಯಾಹ್ನ ಹೇಗೆ ಕಳೆಯಿತೋ.

ಆಮೇಲೆ ಊಟ. ಮುದ್ದೆಗೆ ಎರಡು ಥರದ ಸಾರು. ಅಕ್ಕಯ್ಯಮ್ಮ ಮತ್ತೆ ಮುದ್ದೆ ತಂದರು. ಆವಲಪ್ಪ ತಟ್ಟೆಯ ಮೇಲೆ ಕೈ ಅಡ್ಡ ಹಿಡಿದು, "ಚಾಲು, ಚಾಲು!" ಅಂದ. ಅವರು ನನ್ನ ಕಡೆ ತಿರುಗಿದರು. ನಾನೂ ಕೈ ಅಡ್ಡ ಹಿಡಿದು, "ಚಾಲಮ್ಮಾ, ಚಾಲು!" ಅಂದೆ.

ಅಂದೆ. ಅಂದದ್ದು ನನ್ನ ಕಿವಿಗೇ ಬಿತ್ತು. ತೆಲುಗಿನಲ್ಲಿ ಚಾಲು ಅಂದರೆ ಸಾಕು.

ಇಪ್ಪತ್ತೈದಾಯ್ತು, ಇನ್ನು ಸಾಕು. ಹಳದಿ ಅಕ್ಷರ, ಆನೆಯ ಗಾತ್ರ, ನಾಲ್ಕು ಊರು.

ಛತ್ರದ ಊಟಗಳಲ್ಲಿ, ಮಾವನ ಮನೆಯಲ್ಲಿ, ಸಾವಿರ ಸಲ ಕೇಳಿದ ಮಾತು. ಪ್ರಾಸ ಸಿಕ್ಕರೆ ನನಗೆ ಕಿವಿ ಕೇಳುವುದಿಲ್ಲ. ಮುದ್ದೆ ಗಂಟಲಲ್ಲೇ ನಿಂತಿತು. ಅಕ್ಕಯ್ಯಮ್ಮ ಮಜ್ಜಿಗೆ ಕೊಟ್ಟು ಬೆನ್ನು ತಟ್ಟಿದರು.

"ಬಸ್ ಸ್ಟ್ಯಾಂಡಲ್ಲಿ ಬೋರ್ಡು ನೋಡಿದ್ವಿ ನಾಯ್ನಾ," ಅಂದರು, ಮಗನನ್ನು ಕರೆಯುವ ಹಾಗೆ. "ಮುಚ್ಚೋ ಮುಂಚೆ ಕಡೇ ಸಲ ನೋಡ್ಕೊಂಡು ಹೋಗಕ್ಕೆ ಬಂದಿದೀಯ ಅಂತಾನೇ ಎರಡು ಸಾರು ಮಾಡ್ದೆ."

"ಇಲ್ಲಮ್ಮಾ, ಅದು ತೆಲುಗು ಚಾಲು ಅಲ್ಲ, ಕನ್ನಡದ ಚಾಲೂ. ಮೋಟ್ರು ಚಾಲೂ ಆದಂಗೆ. ಓಡ್ತಾ ಇದೆ ಅಂತ!"

"ಹೌದೌದು ಸಾರ್," ಅಂದ ಆವಲಪ್ಪ, ಜ್ವರದ ಹುಳುವನ್ನು ನೋಡುವ ಹಾಗೆ ನನ್ನನ್ನು ನೋಡುತ್ತ. "ಸಂಸ್ಥೆಗೆ ಕಷ್ಟ ಬಂದಿರ್ತದೆ. ಹೇಳ್ಕೊಳ್ಳಕ್ಕಾಗಲ್ಲ. ನಮಗೆ ತಿಳೀತದೆ."

ಹೊರಡುವಾಗ ಅಕ್ಕಯ್ಯಮ್ಮ ಅಂದರು: "ನೀವು ಕೊಡೋದಿರ್ಲಿ ನಾಯ್ನಾ. ವೆಂಕಟರವಣಪ್ಪ ಬಂದು ಚಾಪೆ ಮೇಲೆ ಕೂತ್ಕೊಳ್ಳೋನಲ್ಲ, ಒಬ್ಬ ನೋಡೋನು ಬರ್ತಾನೆ ಅಂತಾನೇ ನಮ್ಮೋರು ಗೆಜ್ಜೆ ಕಟ್ಟೋರು. ಯಾರೂ ಬರಲ್ಲ ಅಂದ್ರೆ ಗೆಜ್ಜೆ ಯಾಕೆ, ಟಿ.ವಿ. ಐತೆ."

ಬಸ್ಸಿನಲ್ಲಿ ಬರುತ್ತ ಹೊಳೆದದ್ದು: ನಾನು ತಪ್ಪು ಬರೆದೆ. ಅವರು ಸರಿಯಾಗಿಯೇ ಓದಿದ್ದಾರೆ. ಡಾಕ್ಟ್ರು ಹದಿನಾರಕ್ಕೆ ಹೇಳಲಿರುವುದು ಅದನ್ನೇ ಅಲ್ಲವೆ?

ಫೆಬ್ರುವರಿ ೨೪, ಸೋಮವಾರ

ರಂಜನಿ, ಜಗನ್ ಇಬ್ಬರನ್ನೂ ವಿಚಾರಿಸಿದೆ. ಡಾಕ್ಟ್ರಿಗೆ ಬೇಕೆಂದೇ ಚುಚ್ಚಿದ್ದೇನೆ ಅಂದುಕೊಂಡಿದ್ದಳಂತೆ ಇವಳು. "ಏನೋ ಹೊಸ ಟೆಕ್ನಿಕ್ಕು ಅನ್ಕೊಂಡೆ ಸಾರ್" ಅಂದ ಅವನು. ಎಲ್ಲರಿಗೂ ನನ್ನ ಬುದ್ಧಿವಂತಿಕೆಯ ಮೇಲೆ ಅಪಾರ ನಂಬಿಕೆ.

ಕ್ಲಿನಿಕ್ಕಿಗೆ ಹೋಗಿ ಡಾಕ್ಟ್ರಿಗೆ ಹೇಳಿದೆ. ಕುರ್ಚಿಯಲ್ಲಿ ಯಾರೋ ಬಾಯಿ ತೆರೆದು ಮಲಗಿದ್ದರು. ಡಾಕ್ಟ್ರು ನಕ್ಕುಬಿಟ್ಟರು.

"ಬಿಡಿ ವಾದಿರಾಜ್, ಬೆಳ್ಳಿಹಬ್ಬಕ್ಕೆ ಹಳ್ಳಿಯಿಂದ ಯಾರು ಬರ್ತಾರೆ? ಬ್ಯಾನರ್ ಇರ್ಲಿ."

"ಅವರಿಗೆ ಬೇಜಾರಾಗಿದೆ ಸಾರ್."

"ಯಾರಿಗೆ?"

"ಕೆಂಚಾರ್ಲಹಳ್ಳಿಯವರಿಗೆ."

"ನೀವು ಅಲ್ಲಿ ಮುದ್ದೆ ಉಂಡ್ರಾ?" ಅಂದರು ಡಾಕ್ಟ್ರು, ರೋಗಲಕ್ಷಣ ಕೇಳುವ ಹಾಗೆ.

ಮಲಗಿದ್ದವರು ಅಷ್ಟರಲ್ಲಿ ಏನೋ ಅಂದರು. ಹತ್ತಿ ತೆಗೆದ ಮೇಲೆ ತಿಳಿಯಿತು: "ಮುಚ್ತಾ ಇದೀರಂತಲ್ಲ ಡಾಕ್ಟ್ರೇ, ಬೋರ್ಡ್ ನೋಡ್ದೆ."

ಮಾರ್ಚ್ ೧, ಶನಿವಾರ

ಫೋನ್, ಫೋನ್, ಫೋನ್. ಗೌರಿಬಿದನೂರಿನ ತಮಟೆಯವರು, ಕಳವಾರದ ಭಜನೆಯವರು, ಇನ್ನೂ ಯಾರ್ಯಾರೋ. "ಯಾವತ್ತು ಸಾರ್ ಮುಚ್ಚೋದು?" ಸಾವಿನ ಮನೆಗೆ ದಿನ ಕೇಳುವ ಧ್ವನಿ. ಮುಚ್ಚಲ್ಲ ಅಂದರೆ ನಂಬುವುದಿಲ್ಲ. "ಆಪೀಸ್ನೋರು ಇಲ್ಲ ಅಂದ್ರೆ ಹೌದು ಅಂತಾನೇ ಸಾರ್." ಮುಚ್ಚಲ್ಲ ಅನ್ನುವಾಗ ನನ್ನ ಧ್ವನಿಯೂ ಸುಳ್ಳಿನ ಹಾಗೇ ಕೇಳಿಸುತ್ತದೆ.

ಚಾಲು ಎಂದೆ, ಸೋಲು ತಂದೆ. ಪ್ರಾಸ ಇನ್ನೂ ಬರುತ್ತಲೇ ಇದೆ. ಬಿಕ್ಕಳಿಕೆಯ ಹಾಗೆ.

ಮಾರ್ಚ್ ೫, ಬುಧವಾರ

ಸಾದಲಿಗೆ ಹೋಗಿದ್ದೆ. ಯಾರೂ ಹೇಳಿರಲಿಲ್ಲ. ಬಸ್ಸು ಎದುರಿಗೇ ನಿಂತಿತ್ತು, ಹತ್ತಿದೆ. ಕೋಲಾಟದ ಹೆಂಗಸರ ಚಾಪೆಯ ಮೇಲೆ ಕೂತೆ. ಮೊಣಕಾಲಿಗೆ ಅಭ್ಯಾಸವಾದಂತಿದೆ. ಮುಚ್ಚುವುದಿಲ್ಲ ಅಂತ ಹೇಳಲು ಹೋದವನು, ಎರಡನೇ ಸಾಲಿನವರ ಹೆಜ್ಜೆ ಸ್ವಲ್ಪ ಹಿಂದೆ ಬೀಳುತ್ತದೆ ಅಂತ ಹೇಳಿ ಬಂದೆ.

"ಅಣ್ಣ ಛತ್ರದ ವಿಷ್ಯ ಕೇಳ್ತಿದ್ದ ರೀ," ಅಂದಳು ರಂಜನಿ.

ನಾಳೆ ಕಳವಾರಕ್ಕೆ.

ಮಾರ್ಚ್ ೧೦, ಸೋಮವಾರ

ಶಿಡ್ಲಘಟ್ಟಕ್ಕೆ ಹೋಗಿ ಪುಟ್ಟಸ್ವಾಮಯ್ಯ ಮೇಷ್ಟ್ರಿಗೆ ವರದಿ ಒಪ್ಪಿಸಿದೆ. ವರಾಂಡದಲ್ಲಿ ಶಾಲು ಹೊದ್ದು ಕೂತಿದ್ದರು.

"ಏನು ನೋಡ್ದೆಯಪ್ಪಾ?"

ಹೇಳಿದೆ. ಹುಳುವಿನ ಜ್ವರ, ಬಾಗುವಂಥ-ತೂಗುವಂಥ, ಎರಡು ಸಾರು, ಸಾದಲಿಯ ಎರಡನೇ ಸಾಲು, ಕಳವಾರದಲ್ಲಿ ಹಾರ್ಮೋನಿಯಂ ಕೆಟ್ಟದ್ದಕ್ಕೆ ಬಾಯಲ್ಲೇ ಹಾರ್ಮೋನಿಯಂ ನುಡಿಸಿದ ಮನುಷ್ಯ. ಎದ್ದು ನಿಂತು ಆವಲಪ್ಪನ ಹಾಗೆ ಸುತ್ತು ಹಾಕಿಯೂ ತೋರಿಸಿದೆ. ಮುಗಿಸುವಷ್ಟರಲ್ಲಿ ನನ್ನ ಕಾಫಿ ಆರಿತ್ತು.

"ಕೊಡ್ಬೇಕೋ, ನಿಲ್ಲಿಸ್ಬೇಕೋ?"

"ಕೊಡ್ಬೇಕು ಸಾರ್. ಕೊಡೋದಕ್ಕಿಂತ ಹೋಗ್ಬೇಕು."

"ಅದನ್ನ ನನ್ನ ಮಗನ ಮುಂದೆ ಹೇಳು."

"ಅವರ ಮುಂದೆ ಬಾಯಿ ತೆಗೆದರೆ ಹಲ್ಲು ಕೀಳ್ತಾರೆ ಸಾರ್."

ಮೇಷ್ಟ್ರು ಬೊಚ್ಚುಬಾಯಲ್ಲಿ ನಕ್ಕರು. "ನನ್ನದಂತೂ ಒಂದೂ ಉಳಿಸಿಲ್ಲ. ಆದ್ರೂ ಮಾತಾಡ್ತೀನಿ ನೋಡು."

ಬ್ಯಾನರಿನ ವಿಷಯ ಮಾತ್ರ ಅವರೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಮಾರ್ಚ್ ೧೬, ಭಾನುವಾರ

ಬರೆಯಲು ಕೈ ಓಡುತ್ತಿಲ್ಲ. ಅಥವಾ ತುಂಬ ಓಡುತ್ತಿದೆ.

ಬೆಳಿಗ್ಗೆ ಸಭಾಂಗಣದಲ್ಲಿ ಮುಂದಿನ ಎರಡು ಸಾಲು ತುಂಬಿತ್ತು: ಆಹ್ವಾನಿತರು, ಆಹ್ವಾನಿತರ ಹೆಂಡಂದಿರು, ಡಾಕ್ಟ್ರ ಕೆಲವು ಹಲ್ಲುಗಳು, ಅಂದರೆ ರೋಗಿಗಳು. ಹಿಂದೆ ಬರಿ ಕುರ್ಚಿ. ಮೇಷ್ಟ್ರನ್ನು ವೇದಿಕೆಯ ಪಕ್ಕ ಕೂರಿಸಿದ್ದರು. ನನ್ನ ಬ್ಯಾನರ್ ಎಲ್ಲರ ತಲೆಯ ಮೇಲೆ. ಡಾಕ್ಟ್ರು ಮೈಕ್ ಹಿಡಿದು, "ಇಪ್ಪತ್ತೈದು ವರ್ಷದ ನಂತರ ಒಂದು ಹೊಸ ನಿರ್ಧಾರ..." ಅನ್ನುವಷ್ಟರಲ್ಲಿ ಹೊರಗೆ ಮದ್ದಳೆಯ ಸದ್ದು.

ಬಾಗಿಲಲ್ಲಿ ಆವಲಪ್ಪ, ಟವೆಲಲ್ಲ, ನಿಜವಾದ ಕಿರೀಟ ಇಟ್ಟುಕೊಂಡು. ಹಿಂದೆ ಅಕ್ಕಯ್ಯಮ್ಮ, ಕೈಯಲ್ಲಿ ಎಲೆ ಅಡಿಕೆಯ ತಟ್ಟೆ. ಅವರ ಹಿಂದೆ ಸಾದಲಿಯ ಹೆಂಗಸರು, ಗೌರಿಬಿದನೂರಿನ ತಮಟೆಗಳು, ಕಳವಾರದ ಬಾಯಿ ಹಾರ್ಮೋನಿಯಂ. ಟೆಂಪೋ, ಟ್ರ್ಯಾಕ್ಟರು, ಸಿಕ್ಕಿದ್ದು ಹತ್ತಿ ಬಂದಿದ್ದರು. ಖಾಲಿ ಕುರ್ಚಿ ತುಂಬಿ, ನಡುದಾರಿ ತುಂಬಿ, ಕಿಟಕಿಯಲ್ಲೂ ತಲೆ. ಸಂಸ್ಥೆಯನ್ನು ಬೀಳ್ಕೊಡಲು ಬಂದಿದ್ದರು. ರೇಷ್ಮೆ ಗೂಡಿನ ಹಾರ ತಂದಿದ್ದರು. ಅದನ್ನು ಡಾಕ್ಟ್ರ ಕೊರಳಿಗೆ ಹಾಕಿ, ಅಕ್ಕಯ್ಯಮ್ಮ ಅವರ ಗಲ್ಲ ಸವರಿದರು.

"ಯಾಕ್ ನಾಯ್ನಾ ಮುಚ್ತೀಯ? ನಮಗೆ ಕೊಟ್ಟೂ ಕೊಟ್ಟೂ ಬರಿಗೈ ಆಯ್ತೇನಪ್ಪಾ? ಒಂದು ಮಾತು ಹೇಳ್ಬಾರ್ದಾ? ಊರೂರಲ್ಲಿ ಆಟ ಆಡ್ತೀವಿ. ಬಂದಿದ್ದು ತಂದು ನಿಮಗೇ ಕೊಡ್ತೀವಿ."

ಡಾಕ್ಟ್ರ ಬಾಯಿ ತೆರೆದುಕೊಂಡಿತು. ಇಷ್ಟು ವರ್ಷಕ್ಕೆ ಊರು ಅದನ್ನು ನೋಡಿತು.

"ಇವರೆಲ್ಲ... ಯಾರು ವಾದಿರಾಜ್?" ಅಂದರು. ಮೈಕ್ ಆಫ್ ಮಾಡಿರಲಿಲ್ಲ, ಎಲ್ಲರಿಗೂ ಕೇಳಿಸಿತು.

ನಾನು ವೇದಿಕೆಯ ಮೂಲೆಯಲ್ಲಿ ಹೂಗುಚ್ಛ ಹಿಡಿದು ನಿಂತಿದ್ದೆ. ಹೂಗುಚ್ಛ ಮೇಷ್ಟ್ರ ತೊಡೆಯ ಮೇಲಿಟ್ಟೆ. ಮುಂದೆ ಬಂದೆ. ಹೊಟ್ಟೆಯಿಂದ:

"ಭಲಾ! ಬಂದಂಥವರು ತಾವು ಧಾರು?"

ಮದ್ದಳೆಗೆ ಪೆಟ್ಟು ಬಿತ್ತು. ಆವಲಪ್ಪ ನಡುದಾರಿಯಲ್ಲೇ ಒಂದು ಸುತ್ತು ಹಾಕಿದ.

"ಭಲಾ ಸಾರಥಿ! ಇಪ್ಪತ್ತೈದು ವರುಷ ಯಾವುದು ನಮ್ಮ ಬಾಗಿಲಿಗೆ ಬಂದಂಥ, ಚಾಪೆಯ ಮೇಲೆ ಕೂತು ನಮ್ಮ ಆಟ ಕಂಡಂಥ, ನಮ್ಮ ಮುದ್ದೆ, ನಮ್ಮ ಉಪ್ಪು ನಮ್ಮೊಡನೆ ಉಂಡಂಥ ಸಂಸ್ಥೆಯೋ, ಅದರ ಮನೆಯವರು ನಾವು!"

ಬಂದಂಥ, ಕಂಡಂಥ, ಉಂಡಂಥ. ಆಗ ನಾನು ಪ್ರಾಸ ಗಮನಿಸಲೇ ಇಲ್ಲ. ಈಗ ಬರೆಯುವಾಗ ಕಾಣಿಸುತ್ತಿದೆ.

"ಆಟ ಮುಗಿದ ಮೇಲೆ ಮಂಗಳ ಹಾಡೋದು ನಮ್ಮ ಪದ್ಧತಿ ಸಾರ್," ಅಂದ ಆವಲಪ್ಪ ಮಾಮೂಲು ದನಿಯಲ್ಲಿ. "ಹಾಡಿ ಹೋಗ್ತೀವಿ." ತಾಳ ಎತ್ತಿದರು. ಅಕ್ಕಯ್ಯಮ್ಮ ಕಣ್ಣು ಮುಚ್ಚಿದರು.

ಮಂಗಳ ಹಾಡಿದರೆ ಮುಗಿಯಿತು. ಡಾಕ್ಟ್ರ ಘೋಷಣೆಯ ಅಗತ್ಯವೂ ಇರುವುದಿಲ್ಲ. ನನಗೆ ಗೊತ್ತಿದ್ದ ಅಷ್ಟಿಷ್ಟು ತೆಲುಗಿನಲ್ಲಿ ಒಂದು ಮಾತು ನಾಲಿಗೆಗೆ ಬಂತು.

"ಚಾಲದು!" ಕಿರುಚಿದೆ. "ಮಂಗಳ ಬೇಡ! ಇಂಕಾ ಚಾಲದು! ಸಾಲದು, ಇನ್ನೂ ಸಾಲದು!"

ತಾಳ ನಿಂತಿತು. ಆಮೇಲೆ ಹಿಂದಿನಿಂದ ಯಾರೋ ತಮಟೆಗೆ ಒಂದೇ ಒಂದು ಏಟು ಕೊಟ್ಟರು, ಸಭಾಂಗಣ ಎದ್ದು ನಿಂತಿತು.

ಡಾಕ್ಟ್ರು ನನ್ನನ್ನು ನೋಡಿದರು, ಜನರನ್ನು ನೋಡಿದರು, ಕೊರಳ ಹಾರದ ಒಂದು ಗೂಡನ್ನು ಬೆರಳಲ್ಲಿ ತಿರುಗಿಸಿದರು. ಕೊನೆಗೆ ಅಪ್ಪನ ಕಡೆ ತಿರುಗಿದರು. "ಏನಪ್ಪಾ ಮಾಡೋದು?"

"ನನ್ನೇನು ಕೇಳ್ತೀಯೋ?" ಅಂದರು ಮೇಷ್ಟ್ರು. "ಕೂತ್ಕೊ. ನೋಡು. ನೋಡಿ ಆಮೇಲೆ ಹೇಳು."

ಕುರ್ಚಿ ಇರಲಿಲ್ಲ. ಡಾಕ್ಟ್ರು ಇಸ್ತ್ರಿ ಪ್ಯಾಂಟಿನಲ್ಲಿ ಜಮಖಾನದ ಮೇಲೆ ಕೂತರು. ಊಟದ ಹೊತ್ತು ಮೀರುವವರೆಗೂ ಏಳಲಿಲ್ಲ. ಬಾಯಿ ಹಾರ್ಮೋನಿಯಂನವರು ನುಡಿಸುವಾಗ ಅವರ ಹಲ್ಲುಗಳನ್ನೇ ನೋಡುತ್ತಿದ್ದರು ಅಂತ ನನ್ನ ಗುಮಾನಿ. ಆದರೆ ಕಣ್ಣು ಒದ್ದೆಯಾಗಿತ್ತು. ಎದ್ದ ಮೇಲೆ ಮೊಣಕಾಲು ಉಜ್ಜಿಕೊಳ್ಳುತ್ತ ಅಂದರು:

"ರೆಸಾರ್ಟಿಗೆ ಫೋನ್ ಮಾಡಿ ಬೇಡ ಅಂದ್ಬಿಡಿ. ಮುಂದಿನ ಸಲ ಕೆಂಚಾರ್ಲಹಳ್ಳಿಗೆ ನಾನೂ ಬರ್ತೀನಿ. ಯಾವತ್ತು ಹೋಗಣ?"

"ಹುಳಕ್ಕೆ ಜ್ವರ ಬರ್ಲಿ ಸಾರ್," ಅಂದೆ.

ಮಾರ್ಚ್ ೧೮, ಮಂಗಳವಾರ

ಜಗನ್ ಬ್ಯಾನರ್‌ಗಳಿಗೆ ಪಟ್ಟಿ ಅಂಟಿಸಿದ. 'ಇಪ್ಪತ್ತೈದಾಯ್ತು, ಇನ್ನೂ ಸಾಲದು.' ಎರಡು ಭಾಷೆಯವರಿಗೂ ತಿಳಿಯುತ್ತದೆ.

"ಪಾಲು-ಚಾಲು ಹೋಯ್ತಲ್ಲ ಸಾರ್, ಪ್ರಾಸ?"

"ಹೋಗ್ಲಿ ಬಿಡು."

ಮೇಷ್ಟ್ರು ಫೋನ್ ಮಾಡಿದ್ದರು. ಬ್ಯಾನರ್ ಹತ್ತಿದ ದಿನವೇ ಓದಿದ್ದರಂತೆ. ಮತ್ತೆ ಯಾಕೆ ಹೇಳಲಿಲ್ಲ ಸಾರ್ ಅಂದೆ. "ಜೀವಮಾನವೆಲ್ಲ ಕೆಂಪು ಇಂಕಲ್ಲಿ ತಿದ್ದಿದೀನಪ್ಪಾ. ತಿದ್ದದೆ ಬಿಟ್ರೆ ಏನಾಗುತ್ತೆ ಅಂತ ಒಂದು ಸಲ ನೋಡಣ ಅನ್ನಿಸ್ತು."

ನಾಳೆ ಬೆಳಿಗ್ಗೆ ಬೇಗ ಏಳಬೇಕು. ಸಾದಲಿಯಲ್ಲಿ ಹುಳು ಜ್ವರಕ್ಕೆ ಕೂತಿದೆಯಂತೆ, ಎರಡನೇ ಸಾಲಿನವರ ಹೆಜ್ಜೆ ಸರಿಹೋಗಿದೆಯೋ ನೋಡಬೇಕು. ಅಲ್ಲಿಂದ ಹಾಗೇ ಚಿಂತಾಮಣಿ ಕಡೆ. ವೆಂಕಟರವಣಪ್ಪನವರ ಮೊಪೆಡ್ ಕೊಂಡವರು ಅದನ್ನು ಮತ್ತೆ ಮಾರುತ್ತಾರೋ ವಿಚಾರಿಸಬೇಕು.

"ಅಣ್ಣ ಛತ್ರಕ್ಕೆ ಬೇರೆಯವರನ್ನ ಗೊತ್ತು ಮಾಡ್ಕೊಂಡನಂತೆ," ಅಂದಳು ರಂಜನಿ.

"ಯಾವ ಛತ್ರ?" ಅಂದೆ. ಕೈಚೀಲಕ್ಕೆ ತಾಳ ತುಂಬುತ್ತಿದ್ದೆ.

ತಲೆಯೆತ್ತಿದರೆ ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದಳು.

"ಏಮಂಡೀ," ಅಂದಳು ತೆಲುಗಿನಲ್ಲಿ, "ಬುತ್ತಿ ಕಟ್ಟಲಾ, ಅಲ್ಲೇ ಮುದ್ದೆನಾ?"